‘ನಂಗೇನೂ ಆಗಿಲ್ಲಮ್ಮ’ ಅನ್ನುವ ಮಗ, 28ಕ್ಕೇ ಆಟ ಬಿಟ್ಟ ಬ್ರೇಶಾ

ಪ್ರಶ್ನೆ: ನಾವು ಹಾಸನದ ಕಡೆಯವರು. ಒಂಬತ್ತು ವರ್ಷದಿಂದ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿದ್ದೇವೆ. ಮಗನಿಗೆ 13. ಇಲ್ಲಿನವರು ‘ಫೂಟಿ’ ಅಂತ ಕರೆಯುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲನ್ನು ಮೂರು ವರ್ಷದಿಂದ ಆಡುತ್ತಿದ್ದಾನೆ. ಹೋದ ಭಾನುವಾರ ಚೆಂಡು ಹಿಡಿಯಲು ಹಾರಿದಾಗ ಇನ್ನೊಬ್ಬ ಹುಡುಗನ ಮೊಣಕಾಲು ಅವನ ತಲೆಗೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ, ತಾನೇ ಎದ್ದು ನಿಂತ. ಆದರೆ ಸ್ವಲ್ಪ ಹೊತ್ತು ತಮ್ಮ ತಂಡ ಯಾವ ಕಡೆ ಗೋಲು ಹೊಡೆಯಬೇಕು ಅನ್ನುವುದೇ ಅವನಿಗೆ ತಿಳಿಯಲಿಲ್ಲವಂತೆ. ಗುರುವಾರದವರೆಗೂ ತಲೆನೋವಿತ್ತು. ಡಾಕ್ಟರ್ ಕಂಕಷನ್ (ಏಟಿಗೆ ಮಿದುಳು ಅಲುಗಿ ಆಗುವ ತೊಂದರೆ) ಅಂದರು, 21 ದಿನ ಮ್ಯಾಚ್ ಬೇಡ ಅಂದರು. ಇವನು ‘ನಂಗೇನೂ ಆಗಿಲ್ಲಮ್ಮ’ ಅಂತ ಹಟ ಹಿಡಿದಿದ್ದಾನೆ. ನಮ್ಮ ಯಜಮಾನರೂ ‘ಕುಂಬ್ಳೆ ದವಡೆ ಮುರಿದರೂ ಬೌಲಿಂಗ್ ಮಾಡಲಿಲ್ವಾ, ಇದಕ್ಕೆಲ್ಲ ಹೆದರಿದರೆ ಆಗುತ್ತಾ’ ಅನ್ನುತ್ತಾರೆ.

ಮಗನ ರೂಮಿನಲ್ಲಿ ಆಂಗಸ್ ಬ್ರೇಶಾ ಅವರ ಪೋಸ್ಟರ್ ಇದೆ. ಹೆಲ್ಮೆಟ್ ಹಾಕಿಕೊಂಡು ಆಡುತ್ತಿದ್ದ ಆಟಗಾರ. ಅವರು 28ಕ್ಕೇ ನಿವೃತ್ತಿ ಆದರು ಅಂತ ಮೊನ್ನೆ ಮೊನ್ನೆ ನನಗೆ ಗೊತ್ತಾಯಿತು. ಹೆಲ್ಮೆಟ್ ಹಾಕಿದವರಿಗೇ ಹೀಗಾದರೆ ನಮ್ಮ ಹುಡುಗನ ಗತಿ ಏನು? ಸ್ಕ್ಯಾನ್ ಮಾಡಿಸಬೇಕಾ? ಆಟ ಬಿಡಿಸಿ ಕ್ರಿಕೆಟ್‌ಗೆ ಹಾಕಬೇಕಾ? ಅಷ್ಟು ಚಿಕ್ಕ ವಯಸ್ಸಿಗೆ ಆಟ ಬಿಟ್ಟರೆ ಮನಸ್ಸಿಗೆ ಏನಾಗುತ್ತದೋ ಅನ್ನುವ ಚಿಂತೆಯೂ ಇದೆ.
– ಒಬ್ಬ ತಾಯಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮನ್ನು ಕಾಡುತ್ತಿರುವುದು ಆ 21 ದಿನ ಅಲ್ಲ ಅಲ್ವಾ? ಪೋಸ್ಟರಿನಲ್ಲಿರುವ ಮನುಷ್ಯನಿಗೆ ಆದದ್ದು ನಾಳೆ ನಮ್ಮ ಮಗನಿಗೂ ಆದರೆ ಅನ್ನುವ ಭಯ. ಹಾಗಾಗಿ ಮೊದಲು ಒಂದು ಮಾತು. ನೀವು ಬರೆದದ್ದನ್ನು ನೋಡಿದರೆ ನಿಮ್ಮ ಮಗನಿಗೆ ಆಗಿರುವುದು ಒಂದು ಕಂಕಷನ್. ವಾಸಿಯಾಗಲು ಸಮಯ ಕೊಟ್ಟರೆ ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಪೂರ್ತಿ ಸರಿಹೋಗುತ್ತಾರೆ. ಒಂದು ಕಂಕಷನ್ ಆದ ಮಾತ್ರಕ್ಕೆ ಯಾರೂ ಬ್ರೇಶಾ ಅವರ ಸ್ಥಿತಿಗೆ ಬರುವುದಿಲ್ಲ. ಅವರ ಕಥೆಯನ್ನು ಪೂರ್ತಿ ಕೇಳಿದರೆ ಆ ವ್ಯತ್ಯಾಸ ನಿಮಗೇ ಕಾಣುತ್ತದೆ. ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಬ್ರೇಶಾ ಹುಟ್ಟಿದ್ದು 1996ರಲ್ಲಿ, ಆಟದ ಮನೆತನದಲ್ಲಿ. ಅಪ್ಪ ಮಾರ್ಕ್ ಫೂಟಿ ಆಡಿದವರು. ತಮ್ಮ ಆಂಡ್ರ್ಯೂ ಫ್ರೀಮ್ಯಾಂಟಲ್ ತಂಡದ ಆಟಗಾರ. ತಾತ ಇಯಾನ್ ಬ್ರೇಶಾ ವೆಸ್ಟರ್ನ್ ಆಸ್ಟ್ರೇಲಿಯಾದ ಕ್ರಿಕೆಟಿಗ. 1967ರಲ್ಲಿ ವಿಕ್ಟೋರಿಯಾ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದವರು! ದೆಹಲಿಯಲ್ಲಿ ಕುಂಬ್ಳೆ ಮಾಡಿದ ಸಾಧನೆಯನ್ನು ಇವತ್ತಿಗೂ ಮೆಲುಕು ಹಾಕುವ ನಮಗೆ ಅದು ಎಷ್ಟು ದೊಡ್ಡದು ಅಂತ ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ಯಜಮಾನರಿಗೆ ಇದನ್ನು ಹೇಳಿ, ಖುಷಿ ಪಡುತ್ತಾರೆ.

2014ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ದಿನ, ಮೆಲ್ಬರ್ನ್ ತಂಡ ಇವರನ್ನು ಮೂರನೆಯವರಾಗಿ ಆರಿಸಿತು. ಎರಡನೆಯವರು ಕ್ರಿಶ್ಚಿಯನ್ ಪೆಟ್ರಾಕಾ, ಮೊದಲನೆಯವರು ಪ್ಯಾಡಿ ಮೆಕಾರ್ಟಿನ್. ಆ ವರ್ಷ ಇಡೀ ದೇಶದಲ್ಲಿ ಮೊದಲು ಆಯ್ಕೆಯಾದ ಮೂವರಲ್ಲಿ ಇಬ್ಬರ ಆಟ, ಮೆಕಾರ್ಟಿನ್ ಮತ್ತು ಬ್ರೇಶಾ ಅವರದು, ಕಂಕಷನ್‌ನಿಂದಲೇ ಮುಗಿಯಿತು. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ.

2016 ಮತ್ತು 2017ರಲ್ಲಿ ಬ್ರೇಶಾ ತಲೆಗೆ ಒಂದರ ಹಿಂದೆ ಒಂದು ಏಟು ಬಿತ್ತು. ಒಂದು ವಾಸಿಯಾಯಿತು ಅನ್ನುವಷ್ಟರಲ್ಲಿ ಇನ್ನೊಂದು. 2017ರಲ್ಲಿ ಹೆಚ್ಚಿನ ಮ್ಯಾಚುಗಳು ತಪ್ಪಿದವು. ಮತ್ತೆ ಮೈದಾನಕ್ಕೆ ಬಂದಾಗ ತಲೆಗೆ ಆ ಮೆತ್ತನೆಯ ಹೆಲ್ಮೆಟ್ ಬಂದಿತ್ತು. ಮರುವರ್ಷ ಎಷ್ಟು ಚೆನ್ನಾಗಿ ಆಡಿದರೆಂದರೆ, ಫೂಟಿಯ ದೊಡ್ಡ ಲೀಗ್ ಆದ ಎಎಫ್ಎಲ್‌ನ ಅತಿ ದೊಡ್ಡ ವೈಯಕ್ತಿಕ ಗೌರವವಾದ ಬ್ರೌನ್‌ಲೋ ಪದಕದ ಎಣಿಕೆಯಲ್ಲಿ 21 ಮತ ಪಡೆದು ಮೂರನೆಯವರಾದರು. 2021ರ ಸೆಪ್ಟೆಂಬರ್ 25ರಂದು ಪರ್ತ್‌ನಲ್ಲಿ ನಡೆದ ಗ್ರ್ಯಾಂಡ್ ಫೈನಲ್‌ನಲ್ಲಿ ಮೆಲ್ಬರ್ನ್ 19 ಪಾಯಿಂಟ್ ಹಿಂದೆ ಬಿದ್ದು, ಆಮೇಲೆ 74 ಪಾಯಿಂಟ್‌ಗಳಿಂದ ಗೆದ್ದಿತಲ್ಲ, ಆ ತಂಡದಲ್ಲೂ ಇವರಿದ್ದರು. ಆ ಕ್ಲಬ್ಬಿಗೆ 57 ವರ್ಷದ ಮೇಲೆ ಬಂದ ಕಪ್ ಅದು. ಮುಂದಿನ ವರ್ಷ ತಂಡದ ಜೊತೆ 2028ರವರೆಗೆ ಒಪ್ಪಂದ ಮಾಡಿಕೊಂಡರು.

2023ರ ಸೆಪ್ಟೆಂಬರ್ 7, ಮೆಲ್ಬರ್ನಿನ ಎಂಸಿಜಿ ಮೈದಾನ, ಕಾಲಿಂಗ್‌ವುಡ್ ವಿರುದ್ಧ ಫೈನಲ್ಸ್ ಸುತ್ತಿನ ಪಂದ್ಯ. ಮೊದಲ ಕ್ವಾರ್ಟರಿನಲ್ಲಿ ಬ್ರೇಶಾ ಓಡುತ್ತಾ ಚೆಂಡನ್ನು ಒದ್ದರು. ಅದನ್ನು ತಡೆಯಲು ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಎದುರಿನಿಂದ ಮೇಲಕ್ಕೆ ಹಾರಿದರು. ಚೆಂಡು ಸಿಗಲಿಲ್ಲ. ಕೆಳಗೆ ಬರುವಾಗ ಅವರ ಭುಜ ಬ್ರೇಶಾ ತಲೆಗೆ ಬಡಿಯಿತು. ಬ್ರೇಶಾ ನಿಂತ ಜಾಗದಲ್ಲೇ ಕುಸಿದರು, ಪ್ರಜ್ಞೆ ಇರಲಿಲ್ಲ. ಸ್ಟ್ರೆಚರ್‌ನಲ್ಲಿ ಹೊರಗೆ ಕರೆದೊಯ್ದರು. ವಿಚಾರಣೆ ನಡೆಸಿದ ಟ್ರಿಬ್ಯೂನಲ್ ಮೇನಾರ್ಡ್ ತಪ್ಪಿಲ್ಲ ಅಂದಿತು. ಆದರೆ ಆ ಸೀಸನ್ ಮುಗಿದ ಮೇಲೆ ಎಎಫ್ಎಲ್ ನಿಯಮವನ್ನೇ ಬಿಗಿ ಮಾಡಿತು. ಒದೆತ ತಡೆಯಲು ನೆಲ ಬಿಟ್ಟು ಹಾರುವವನು ಎದುರಿಗಿರುವವನ ತಲೆಗೆ ತಾಗಿದರೆ ಇನ್ನು ಮುಂದೆ ಜವಾಬ್ದಾರಿ ಅವನದೇ.

2024ರ ಫೆಬ್ರವರಿ 22ರಂದು ಬ್ರೇಶಾ ನಿವೃತ್ತರಾದರು. ಆಡಿದ್ದು 167 ಪಂದ್ಯ. ಕೈಕಾಲು ಗಟ್ಟಿಯಾಗಿತ್ತು, ಹೊರಗೆ ಕಾಣುವ ಗಾಯ ಒಂದೂ ಇರಲಿಲ್ಲ. ಹೊಸ ಸೀಸನ್ನಿಗೆ ಮುಂಚೆ ಮಾಡಿದ ಸ್ಕ್ಯಾನಿನಲ್ಲಿ ಮಿದುಳಿನಲ್ಲಿ ತೀರಾ ಸೂಕ್ಷ್ಮ ಬದಲಾವಣೆಗಳು ಕಂಡವು. ಇನ್ನು ಮೈಗೆ ಮೈ ತಾಗುವ ಆಟ ಬೇಡ ಅಂತ ವೈದ್ಯರು ಹೇಳಿದರು, ಇವರು ಆ ಮಾತು ಕೇಳಿದರು. ನಾನು ಮಕ್ಕಳಿಗೆ ಇವರ ಕಥೆ ಹೇಳುವುದು ಇದೊಂದು ಕಾರಣಕ್ಕೆ. ಆರಾಮಾಗಿದ್ದೇನೆ ಅಂತ ಅನ್ನಿಸುವುದು ಬೇರೆ, ಮಿದುಳು ವಾಸಿಯಾಗಿರುವುದು ಬೇರೆ. ಇಪ್ಪತ್ತೆಂಟರ ಗಂಡಸಿಗೇ ಅದು ತಾನಾಗಿ ಗೊತ್ತಾಗುವುದಿಲ್ಲ. ಹದಿಮೂರರ ಹುಡುಗನಿಗೆ ಹೇಗೆ ಗೊತ್ತಾಗಬೇಕು?

ಈಗ ಹೆಲ್ಮೆಟ್ ವಿಷಯಕ್ಕೆ ಬರುತ್ತೇನೆ. ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು ಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ. ಡಬ್ಬಿಗೆ ಒಂದು ಗೀರೂ ಬಿದ್ದಿರುವುದಿಲ್ಲ. ಮುಚ್ಚಳ ತೆಗೆದರೆ ಒಳಗೆ ಮೊಸರು ಒಡೆದು ನೀರು ಬಿಟ್ಟಿರುತ್ತದೆ. ಡಬ್ಬಿಗೆ ಎಷ್ಟು ದಪ್ಪ ಬಟ್ಟೆ ಸುತ್ತಿದ್ದರೂ ಮೊಸರು ಒಡೆಯುವುದು ತಪ್ಪುತ್ತಿರಲಿಲ್ಲ. ಫೂಟಿಯ ಮೆತ್ತನೆ ಹೆಲ್ಮೆಟ್ ಆ ಬಟ್ಟೆ ಇದ್ದ ಹಾಗೆ. ತಲೆ ಒಡೆಯದಂತೆ, ಕಿವಿ ಹರಿಯದಂತೆ, ಚರ್ಮ ತರಚದಂತೆ ಅದು ಕಾಯುತ್ತದೆ. ಬುರುಡೆಯೊಳಗೆ ಮಿದುಳು ಜೋರಾಗಿ ಅಲುಗುವುದನ್ನು ಅದು ತಡೆಯಲಾರದು. ಏಟು ತಲೆಗೇ ಬೀಳಬೇಕು ಅಂತಲೂ ಇಲ್ಲ. ಎದೆಗೆ ಜೋರಾಗಿ ಗುದ್ದಿ ಕತ್ತು ಝಾಡಿಸಿದರೂ ಕಂಕಷನ್ ಆಗಬಹುದು. ಹೆಣ್ಣುಮಕ್ಕಳ ಎಎಫ್ಎಲ್‌ನಲ್ಲಿ ಆಡಿದ ಹೆದರ್ ಆಂಡರ್ಸನ್ ಗಾಢ ಗುಲಾಬಿ ಬಣ್ಣದ ಹೆಲ್ಮೆಟ್ ಹಾಕುತ್ತಿದ್ದರು. ಅವರ ತಾಯಿಗೆ ದೃಷ್ಟಿ ಮಂದ, ದೂರದಿಂದ ಮಗಳನ್ನು ಗುರುತಿಸಲಿ ಅಂತ ಆ ಬಣ್ಣ. ಆಕೆ 2022ರಲ್ಲಿ, 28ನೇ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲೆ ಅವರ ಮಿದುಳಿನಲ್ಲಿ ಸಿಟಿಇ ಅನ್ನುವ ಕಾಯಿಲೆ ಪತ್ತೆಯಾಯಿತು. ಮಗನಿಗೆ ಹೆಲ್ಮೆಟ್ ಕೊಡಿಸುವುದಾದರೆ ಕೊಡಿಸಿ, ನಷ್ಟವಿಲ್ಲ. ‘ಹೆಲ್ಮೆಟ್ ಇದೆಯಲ್ಲ’ ಅಂತ ಇನ್ನೂ ಜೋರಾಗಿ ನುಗ್ಗದಿರಲಿ, ಅಷ್ಟೇ.

ಸಿಟಿಇ ಹೆಸರು ಕೇಳಿ ಹೆದರಬೇಡಿ, ಬಿಡಿಸಿ ಹೇಳುತ್ತೇನೆ. ವರ್ಷಗಟ್ಟಲೆ ತಲೆಗೆ ಮತ್ತೆ ಮತ್ತೆ ಏಟು ಬಿದ್ದವರ ಮಿದುಳಿನಲ್ಲಿ ಟೌ ಎಂಬ ಪ್ರೋಟೀನ್ ಗಂಟುಗಂಟಾಗಿ ಸೇರಿಕೊಳ್ಳುವ ಕಾಯಿಲೆ ಅದು. ಮರೆವು, ಸಿಟ್ಟು, ಖಿನ್ನತೆಗಳ ಜೊತೆ ಅದಕ್ಕೆ ನಂಟಿದೆ. ಸದ್ಯಕ್ಕೆ ಅದನ್ನು ಖಚಿತವಾಗಿ ಹೇಳಲಾಗುವುದು ವ್ಯಕ್ತಿ ತೀರಿಕೊಂಡ ಮೇಲೆ, ಮಿದುಳನ್ನು ಪರೀಕ್ಷಿಸಿದಾಗ ಮಾತ್ರ. ಬ್ರೇಶಾ ಅವರಿಗೆ ಸಿಟಿಇ ಇದೆ ಅಂತ ಯಾರೂ ಹೇಳಿಲ್ಲ, ಹೇಳಲು ಆಗುವುದೂ ಇಲ್ಲ. ಇದು ಒಂದು ಏಟಿನ ಲೆಕ್ಕವಲ್ಲ, ಎಷ್ಟು ವರ್ಷ ಎಷ್ಟು ಏಟು ಬಿತ್ತು ಅನ್ನುವ ಒಟ್ಟು ಲೆಕ್ಕ. ಕಂಕಷನ್ ಅನ್ನಿಸದ ಸಣ್ಣ ಏಟುಗಳೂ ಅದರಲ್ಲಿ ಸೇರುತ್ತವೆ.

ಬ್ರೇಶಾ ಅವರಿಗೆ ಈ ಕಾಯಿಲೆ ಬರೀ ಪೇಪರಿನಲ್ಲಿ ಓದಿದ ಸುದ್ದಿಯಲ್ಲ. ಅವರ ಪತ್ನಿ ಡೇನಿಯಲ್ ಅವರು ಡ್ಯಾನಿ ಫ್ರಾಲಿ ಅವರ ಮಗಳು. ಫ್ರಾಲಿ ಬಂಗಾರಿ ಎಂಬ ಊರಿನ ಆಲೂಗಡ್ಡೆ ಬೆಳೆಗಾರರ ಮನೆಯಿಂದ ಬಂದವರು. ಹಾಗಾಗಿ ‘ಸ್ಪಡ್’ (ಆಲೂಗಡ್ಡೆ) ಅಂತಲೇ ಎಲ್ಲರೂ ಕರೆಯುತ್ತಿದ್ದರು. ಸೇಂಟ್ ಕಿಲ್ಡಾ ಪರ 240 ಪಂದ್ಯ ಆಡಿ, ವರ್ಷಗಟ್ಟಲೆ ನಾಯಕರಾಗಿದ್ದು, ಆಮೇಲೆ ರಿಚ್‌ಮಂಡ್ ತಂಡಕ್ಕೆ ಕೋಚ್ ಆದವರು. ಟಿವಿಯಲ್ಲಿ ನಗುನಗುತ್ತಾ ಕಾಣುತ್ತಿದ್ದ ಆ ಮನುಷ್ಯ ಒಳಗೆ ಖಿನ್ನತೆಯೊಂದಿಗೆ ಹೆಣಗುತ್ತಿದ್ದರು. 2019ರ ಸೆಪ್ಟೆಂಬರ್ 9ರಂದು, 56 ತುಂಬಿದ ಮರುದಿನ, ಕಾರ್ ಅಪಘಾತದಲ್ಲಿ ತೀರಿಕೊಂಡರು. ಮನೆಯವರು ಅವರ ಮಿದುಳನ್ನು ಆಸ್ಟ್ರೇಲಿಯನ್ ಸ್ಪೋರ್ಟ್ಸ್ ಬ್ರೈನ್ ಬ್ಯಾಂಕ್‌ಗೆ ದಾನ ಮಾಡಿದರು. ಸಿಟಿಇ ಇತ್ತು ಅಂತ ವರದಿ ಬಂತು. ಅಪ್ಪನನ್ನು ಹೀಗೆ ಕಳೆದುಕೊಂಡ ಹೆಣ್ಣುಮಗಳು ಬ್ರೇಶಾ ಎಂಸಿಜಿಯಲ್ಲಿ ಅಲುಗಾಡದೆ ಮಲಗಿದ್ದನ್ನು ನೋಡಿದಾಗ ಹೇಗಾಗಿರಬೇಡ! 2028ರವರೆಗಿನ ಒಪ್ಪಂದವನ್ನು ಬಿಟ್ಟು ಬ್ರೇಶಾ ಹೊರಗೆ ಬಂದದ್ದನ್ನು ಸೋಲು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕುಂಬ್ಳೆ ಅವರ ಮಾತಿಗೆ ಬರೋಣ. 2002ರಲ್ಲಿ ಆಂಟಿಗಾದಲ್ಲಿ, ತಲೆಯ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ಸತತ 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದದ್ದನ್ನು ನಾನೂ ಕಣ್ಣು ತುಂಬಿಕೊಂಡು ನೋಡಿದ್ದೇನೆ. ಆದರೆ ಅದು ದವಡೆಯ ಮೂಳೆ. ಎಲ್ಲಿ ಮುರಿದಿದೆ ಅಂತ ಎಕ್ಸ್‌ರೇ ಹೇಳುತ್ತದೆ, ಆಪರೇಷನ್ ಮಾಡಿ ಕೂಡಿಸಬಹುದು. ನೋವು ತಡೆದುಕೊಳ್ಳುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುತ್ತದೆ. ಏಟು ತಿಂದ ಮಿದುಳಿನ ಕಥೆ ಬೇರೆ. ಅದರ ಜೀವಕೋಶಗಳು ಕೆಲವು ದಿನ ಶಕ್ತಿಯಿಲ್ಲದೆ ಒದ್ದಾಡುತ್ತಿರುತ್ತವೆ. ಆಗ ಸಣ್ಣ ಏಟು ಬಿದ್ದರೂ ಹಾನಿ ಜಾಸ್ತಿ, ವಾಸಿಯಾಗಲು ಹಿಡಿಯುವ ಕಾಲವೂ ಜಾಸ್ತಿ. ತೀರಾ ಅಪರೂಪಕ್ಕೆ, ಅದರಲ್ಲೂ ಹದಿಹರೆಯದವರಲ್ಲಿ, ಎರಡನೇ ಏಟಿಗೆ ಮಿದುಳು ಊದಿಕೊಂಡು ಜೀವಕ್ಕೇ ಅಪಾಯವಾದದ್ದಿದೆ. ಯಜಮಾನರಿಗೆ ಇಷ್ಟನ್ನು ನಿಧಾನವಾಗಿ ಹೇಳಿ. ಅವರು ಮಗ ಗಟ್ಟಿಯಾಗಲಿ ಅಂತ ಆಸೆ ಪಡುತ್ತಿದ್ದಾರೆ, ಅದರಲ್ಲಿ ತಪ್ಪಿಲ್ಲ.

ಪ್ರಜ್ಞೆ ತಪ್ಪದಿದ್ದರೆ ಕಂಕಷನ್ ಅಲ್ಲ ಅನ್ನುವ ನಂಬಿಕೆಯೂ ಸರಿಯಲ್ಲ. ಹೆಚ್ಚಿನ ಕಂಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಯಾವ ಕಡೆ ಗೋಲು ಹೊಡೆಯಬೇಕು ಅಂತ ತಿಳಿಯಲಿಲ್ಲ ಅಂದಿರಲ್ಲ, ಅದೇ ದೊಡ್ಡ ಗುರುತು.

ಹೋದ ಚಳಿಗಾಲದಲ್ಲಿ ನನ್ನ ಕ್ಲಿನಿಕ್ಕಿಗೆ ಹದಿನೈದರ ಹುಡುಗನೊಬ್ಬ ಬಂದಿದ್ದ. ಏಟು ಬಿದ್ದು ಐದು ದಿನ ಆಗಿತ್ತು. ಕೂತ ಕೂಡಲೇ ‘ನಾನು ಫೈನ್’ ಅಂದ. ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಪ್ಪ ಅಂದೆ. ಡಿಸೆಂಬರ್, ನವೆಂಬರ್, ಅಕ್ಟೋಬರ್, ಆಗಸ್ಟ್. ನಿಂತ. ಮತ್ತೆ ಶುರು ಮಾಡಿದ, ಮತ್ತೆ ಸೆಪ್ಟೆಂಬರ್ ತಪ್ಪಿತು. ಶೂ ಬಿಚ್ಚಿಸಿ, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವ ಹಾಗೆ ನಿಲ್ಲಿಸಿದೆ. ಸೊಂಟದ ಮೇಲೆ ಕೈ, ಕಣ್ಣು ಮುಚ್ಚಬೇಕು, 20 ಸೆಕೆಂಡ್. ಆರನೇ ಸೆಕೆಂಡಿಗೆ ಪಕ್ಕಕ್ಕೆ ವಾಲಿದ, ಗೋಡೆ ಹಿಡಿದುಕೊಂಡ. ಅಲ್ಲೇ ಕೂತಿದ್ದ ಅವರಮ್ಮ ಬಾಯಿಗೆ ಕೈ ಇಟ್ಟುಕೊಂಡರು. ಅವನು ಸುಳ್ಳು ಹೇಳಿರಲಿಲ್ಲ. ಅವನಿಗೆ ನಿಜವಾಗಲೂ ಆರಾಮಾಗಿದ್ದೇನೆ ಅಂತಲೇ ಅನ್ನಿಸಿತ್ತು.

ಆದ್ದರಿಂದ ಮಗನನ್ನು ‘ಹೇಗಿದೀಯಪ್ಪ?’ ಅಂತ ಕೇಳಬೇಡಿ, ‘ಚೆನ್ನಾಗಿದೀನಿ’ ಅಂದೇ ಅನ್ನುತ್ತಾನೆ. ಕ್ಲಾಸಿನಲ್ಲಿ ಬೋರ್ಡ್ ನೋಡಿ ಬರೆದುಕೊಳ್ಳುವಾಗ ತಲೆ ಭಾರ ಆಗುತ್ತಾ? ಮಧ್ಯಾಹ್ನ ಗದ್ದಲದಲ್ಲಿ ಕಿರಿಕಿರಿ ಆಗುತ್ತಾ? ಒಂದೇ ಪುಟವನ್ನು ಎರಡು ಸಲ ಓದಬೇಕಾಗುತ್ತಾ? ರಾತ್ರಿ ನಿದ್ದೆ ಬರುತ್ತಾ? ಹೀಗೆ ಕೇಳಿ. ಮನೆಯವರ ಮೇಲೆ ಸುಮ್ನೆ ರೇಗುತ್ತಿದ್ದರೆ ಅದನ್ನೂ ಗಮನಿಸಿ.

ಸ್ಕ್ಯಾನ್ ಈಗ ಬೇಕಿಲ್ಲ. ಆಸ್ಪತ್ರೆಯ ಸಿಟಿ ಸ್ಕ್ಯಾನ್ ತೋರಿಸುವುದು ರಕ್ತಸ್ರಾವ, ಬುರುಡೆ ಬಿರುಕು ಇಂಥವನ್ನು. ಕಂಕಷನ್ ಅದರಲ್ಲಿ ಕಾಣುವುದಿಲ್ಲ. ‘ಸ್ಕ್ಯಾನ್ ನಾರ್ಮಲ್ ಇದೆ, ಆಡಬಹುದು’ ಅನ್ನುವ ತಪ್ಪು ಧೈರ್ಯ ಬಂದುಬಿಟ್ಟರೆ ಅದೇ ತೊಂದರೆ. ಬ್ರೇಶಾ ಅವರದು ಹಲವು ವರ್ಷ, ಹಲವು ಕಂಕಷನ್ ಆದ ಮೇಲೆ ತಜ್ಞರು ಮಾಡಿಸಿದ ಸ್ಕ್ಯಾನ್. ಆದರೆ ಪದೇಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಜೋರು ಕತ್ತುನೋವು, ಮಾತು ತೊದಲುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡದೆ ಇಲ್ಲಿನ ತುರ್ತು ಸೇವೆಯ ನಂಬರ್ 000ಗೆ ಫೋನ್ ಮಾಡಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಫೂಟಿ ಬಿಡಿಸಲೇಬೇಕು ಅಂತ ನಾನು ಹೇಳುವುದಿಲ್ಲ. ನಮ್ಮ ಮಕ್ಕಳು ಈ ನೆಲದಲ್ಲಿ ಗೆಳೆಯರನ್ನು ಸಂಪಾದಿಸಿಕೊಳ್ಳುವುದೇ ಭಾನುವಾರದ ಆ ಒದ್ದೆ ಹುಲ್ಲಿನ ಮೇಲೆ. ಅದನ್ನು ಒಂದೇ ಮಾತಿಗೆ ಕಿತ್ತುಕೊಂಡರೆ ಅದೂ ಒಂದು ಗಾಯ. ಮುಂದುವರಿಸುವುದಾದರೆ ಕೋಚ್ ಹತ್ತಿರ ಎರಡು ವಿಷಯ ನೇರವಾಗಿ ಕೇಳಿ. ಟ್ಯಾಕಲ್ ಮಾಡುವಾಗ, ಅಂದರೆ ಚೆಂಡು ಹಿಡಿದವನನ್ನು ಹಿಡಿದು ತಡೆಯುವಾಗ, ತಲೆ ಎಲ್ಲಿರಬೇಕು ಅಂತ ಹೇಳಿಕೊಡುತ್ತಾರಾ? ವಾರದ ಟ್ರೈನಿಂಗಿನಲ್ಲಿ ಮೈಗೆ ಮೈ ಬಡಿಯುವ ಅಭ್ಯಾಸ ಎಷ್ಟು ಹೊತ್ತು? ಒಟ್ಟು ಏಟಿನ ಲೆಕ್ಕವನ್ನು ಸುಲಭವಾಗಿ ಇಳಿಸಬಹುದಾದ ಜಾಗ ಟ್ರೈನಿಂಗೇ. ಇಷ್ಟೆಲ್ಲ ಮಾಡಿದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಅದನ್ನು ಒಪ್ಪಿಕೊಂಡೇ ಮುಂದುವರಿಸಬೇಕು.

ಟ್ಯಾಕಲ್ ಬೇಡವೇ ಬೇಡ ಅನ್ನಿಸಿದರೆ ಎಎಫ್ಎಲ್ ನೈನ್ಸ್ ಅನ್ನುವ ಆಟ ಇದೆ. ಅದೇ ಚೆಂಡು, ಅದೇ ಒದೆತ, ತಂಡಕ್ಕೆ ಒಂಬತ್ತು ಜನ, ಟ್ಯಾಕಲ್ ಇಲ್ಲ. ಗೆಳೆಯರೆಲ್ಲ ದೊಡ್ಡ ಆಟದಲ್ಲಿರುವಾಗ ಹುಡುಗ ಇದಕ್ಕೆ ಒಪ್ಪುವುದು ಕಷ್ಟ ಅನ್ನುವುದು ನನ್ನ ಅನುಭವ. ಬಲವಂತ ಬೇಡ, ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ.

ಕ್ರಿಕೆಟ್‌ನಲ್ಲಿ ಏಟು ಕಡಿಮೆ, ನಿಜ. ಆದರೆ ಪೂರ್ತಿ ಕ್ಷೇಮ ಅಂದುಕೊಳ್ಳಬೇಡಿ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ನಮ್ಮವರ ವಿರುದ್ಧ ಮೊದಲ ಟೆಸ್ಟ್ ಆಡಿ 62 ಹೊಡೆದ ವಿಲ್ ಪುಕೋವ್ಸ್ಕಿ ನೆನಪಿದ್ದಾರಾ? ತಲೆಗೆ ಮತ್ತೆ ಮತ್ತೆ ಏಟು ಬಿದ್ದು ಆ ಹುಡುಗನೂ 2025ರಲ್ಲಿ, 27ಕ್ಕೆ, ಕ್ರಿಕೆಟ್ ಬಿಡಬೇಕಾಯಿತು. ಆಡಿದ್ದು ಅದೊಂದೇ ಟೆಸ್ಟ್. ಯಾವ ಆಟಕ್ಕೇ ಹಾಕಿದರೂ ಏಟು ಬಿದ್ದಾಗ ನಿಲ್ಲಿಸುವ ಶಿಸ್ತು ಬೇಕೇ ಬೇಕು.

ಯಾವಾಗ ನಾನು ‘ಸಾಕು, ತಜ್ಞರನ್ನು ನೋಡದೆ ಮುಂದೆ ಹೋಗಬೇಡಿ’ ಅನ್ನುತ್ತೇನೆ? ಇದೇ ಸೀಸನ್ನಿನಲ್ಲಿ ಇನ್ನೊಂದು ಕಂಕಷನ್ ಆದರೆ. ತಲೆನೋವು, ಮಂಕು ಒಂದು ತಿಂಗಳು ದಾಟಿದರೆ. ಮುಂಚೆಗಿಂತ ಸಣ್ಣ ಏಟಿಗೇ ತಲೆ ಸುತ್ತಲು ಶುರುವಾದರೆ. ಈ ಮೂರನೆಯದನ್ನು ಎಷ್ಟೋ ಮನೆಗಳಲ್ಲಿ ಗಮನಿಸುವುದೇ ಇಲ್ಲ.

ಈಗ ಕ್ಯಾಲೆಂಡರ್ ತೆಗೆಯಿರಿ. ಏಟು ಬಿದ್ದದ್ದು ಭಾನುವಾರ. ತಲೆನೋವು ಹೋದದ್ದು ಗುರುವಾರ ಕಳೆದ ಮೇಲೆ. ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನ ಸಲಹೆ ಹೀಗಿದೆ: ಮಕ್ಕಳು ಯಾವ ತೊಂದರೆಯೂ ಇಲ್ಲದೆ 14 ದಿನ ಕಳೆದ ಮೇಲಷ್ಟೇ ಮೈ ತಾಗುವ ಟ್ರೈನಿಂಗ್, ಏಟು ಬಿದ್ದು ಕನಿಷ್ಠ 21 ದಿನ ಆದ ಮೇಲಷ್ಟೇ ಮ್ಯಾಚ್. ನಿಮ್ಮ ಮಗನ 14 ದಿನ ಶುಕ್ರವಾರದಿಂದ ಶುರು. ಅದು ಮುಗಿಯುವುದು ಮೂರನೇ ಭಾನುವಾರಕ್ಕೆ ಎರಡೇ ದಿನ ಮುಂಚೆ. ಮಧ್ಯೆ ಪೂರ್ತಿ ಟ್ರೈನಿಂಗ್ ಒಂದಾದರೂ ಆಗಬೇಕು, ಡಾಕ್ಟರ್ ಇನ್ನೊಮ್ಮೆ ನೋಡಿ ಒಪ್ಪಬೇಕು. ಹಾಗಾಗಿ ನಾನಾದರೆ ನಾಲ್ಕನೇ ಭಾನುವಾರಕ್ಕೆ ಗುರುತು ಹಾಕುತ್ತೇನೆ. ಅಲ್ಲಿಯವರೆಗೆ ಕತ್ತಲ ಕೋಣೆಯಲ್ಲಿ ಮಲಗಿಸುವುದೂ ಬೇಡ, ಅದೆಲ್ಲ ಹಳೆಯ ಕಾಲದ ಮಾತು. ವಿಶ್ರಾಂತಿ, ಫೋನ್ ಕಡಿಮೆ, ಇವೆಲ್ಲ ಮೊದಲ ಒಂದೆರಡು ದಿನಕ್ಕೆ. ಈಗ ನಡೆಯಲಿ, ಆಮೇಲೆ ನಿಧಾನ ಓಟ, ಆಮೇಲೆ ಒಬ್ಬನೇ ಚೆಂಡು ಒದೆಯಲಿ. ಒಂದೊಂದು ಹೆಜ್ಜೆಗೆ ಒಂದು ದಿನವಾದರೂ ಕೊಡಿ. ತಲೆನೋವು ಮರಳಿದರೆ ಒಂದು ಹೆಜ್ಜೆ ಹಿಂದಕ್ಕೆ. ಪೂರ್ತಿ ಸ್ಕೂಲಿಗೆ ತೊಂದರೆಯಿಲ್ಲದೆ ಹೋಗಿಬರುವುದು ಎಲ್ಲಕ್ಕಿಂತ ಮೊದಲು. ಫೋನಿನಲ್ಲಿ ‘ಹೆಡ್‌ಚೆಕ್’ ಆ್ಯಪ್ ಹಾಕಿಕೊಳ್ಳಿ. ಮೆಲ್ಬರ್ನಿನ ಮಕ್ಕಳ ಸಂಶೋಧನಾ ಸಂಸ್ಥೆ ಎಎಫ್ಎಲ್ ಜೊತೆ ಸೇರಿ ಮಾಡಿದ್ದು, ಈ ಹೆಜ್ಜೆಗಳನ್ನು ದಿನದಿನಕ್ಕೆ ಹೇಳುತ್ತದೆ.

ತಲೆನೋವು ಪೂರ್ತಿ ಹೋಗಿದ್ದರೆ ಆ ಭಾನುವಾರಗಳಲ್ಲಿ ಅವನನ್ನು ಮನೆಯಲ್ಲಿ ಕೂರಿಸಬೇಡಿ. ಬ್ರೇಶಾ ಅವರ 10ನೇ ನಂಬರಿನ ಜರ್ಸಿ ಇದ್ದರೆ ಅದನ್ನೇ ಹಾಕಿಕೊಂಡು ತಂಡದ ಜೊತೆ ಹೋಗಲಿ. ಬೌಂಡರಿಯ ಆಚೆ ಸ್ಕೋರ್‌ಬೋರ್ಡ್ ಬರೆಯಲು ಯಾವ ಕ್ಲಬ್ಬಿನಲ್ಲೂ ಒಬ್ಬರು ಕಡಿಮೆಯೇ ಇರುತ್ತಾರೆ. ಆ ಕೆಲಸ ಇವನಿಗೆ ಕೊಡಿ ಅಂತ ಕೋಚ್‌ಗೆ ಇವತ್ತೇ ಒಂದು ಮೆಸೇಜ್ ಹಾಕಿ.